ಕ್ರೋಮ್ ಬಿಟ್ಟು ಹೊರಡುವ ಮುನ್ನ

ನಿಮ್ಮ ಕಂಪ್ಯೂಟರಿನಲ್ಲಿ ಕ್ರೋಮ್ ಇದ್ದರೆ ಅದರ ಬುಕ್‌ಮಾರ್ಕ್ ಮ್ಯಾನೇಜರ್ ತೆರೆದು, ಉಳಿಸಿಕೊಂಡ ವಿಳಾಸಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ. ಒಂದು ಎಚ್‌ಟಿಎಂಎಲ್ ಫೈಲು ಸಿಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲು ಓದಿ. ಅಲ್ಲಿ ಗೂಗಲ್ ಹೆಸರಿಲ್ಲ, ಕ್ರೋಮ್ ಹೆಸರೂ ಇಲ್ಲ. ಇದು ನೆಟ್‌ಸ್ಕೇಪ್ ಬುಕ್‌ಮಾರ್ಕ್ ಫೈಲು ಎಂದು ಬರೆದಿರುತ್ತದೆ. ಫೈರ್‌ಫಾಕ್ಸ್‌ನಿಂದ ತೆಗೆದರೂ ಅದೇ ಸಾಲು. 1994ರಲ್ಲಿ ಹುಟ್ಟಿ, 2008ರ ಮಾರ್ಚ್‌ನಲ್ಲಿ ಕೊನೆಯುಸಿರೆಳೆದ ಬ್ರೌಸರಿನ ಹೆಸರು ಅದು.

ಹೊಸದಾಗಿ ಬಂದ ಪ್ರತಿ ಬ್ರೌಸರೂ ಹಳೆಯದರ ಬಳಕೆದಾರರನ್ನು ತನ್ನತ್ತ ಎಳೆದುಕೊಳ್ಳಬೇಕಿತ್ತು. ಅವರು ಬರಬೇಕಾದರೆ ಅವರ ಗಂಟುಮೂಟೆಯೂ ಜೊತೆಗೆ ಬರಬೇಕು. ಆಗ ಊರಿಗೆಲ್ಲ ಗೊತ್ತಿದ್ದ ಗಂಟು ನೆಟ್‌ಸ್ಕೇಪ್‌ನದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಬಿಚ್ಚಲು ಕಲಿಯಿತು, ಆಮೇಲೆ ಬಂದವರೂ ಅದನ್ನೇ ಕಲಿತರು. ಕಟ್ಟುವ ರೀತಿ ಬದಲಿಸುವ ಗೋಜಿಗೆ ದೊಡ್ಡ ಬ್ರೌಸರುಗಳು ಈವರೆಗೆ ಹೋಗಿಲ್ಲ.

ಅಂದರೆ ಒಂದು ಬ್ರೌಸರಿನಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವ ದಾರಿ ಬಹಳ ಹಿಂದೆಯೇ ಸಿದ್ಧವಾಗಿದೆ. ಕೆಲವೇ ನಿಮಿಷಗಳ ಕೆಲಸ ಎಂದು ಎಲ್ಲ ಬ್ರೌಸರ್ ಕಂಪನಿಗಳೂ ಹೇಳುತ್ತವೆ, ಅದು ಸುಳ್ಳೇನಲ್ಲ. ಆದರೂ ಜನ ಬದಲಿಸುವುದಿಲ್ಲ. ಸ್ಟ್ಯಾಟ್‌ಕೌಂಟರ್ ಎಂಬ ಅಂಕಿಅಂಶ ತಾಣದ ಲೆಕ್ಕದಲ್ಲಿ ಭಾರತದ ವೆಬ್ ಬಳಕೆಯ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಕ್ರೋಮ್‌ನಲ್ಲೇ ನಡೆಯುತ್ತದೆ. ಹೀಗೆ ಬಳಸುವವರಲ್ಲಿ ಕ್ರೋಮನ್ನು ನೋಡಿ, ತೂಗಿ, ಬೇಕೆಂದು ಆರಿಸಿಕೊಂಡವರು ಎಷ್ಟು ಮಂದಿ? ಫೋನಿನ ಡಬ್ಬಿ ಬಿಚ್ಚಿದಾಗಲೇ ಅದು ಒಳಗಿತ್ತು. ಒಳಗಿದ್ದದ್ದನ್ನು ಒತ್ತಿದರು, ಅಷ್ಟೇ.

ಹಾಗಾದರೆ ಬದಲಿಸಬೇಕೇ? ಬದಲಿಸಿದರೆ ಯಾವುದಕ್ಕೆ? ಈ ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು.

ಬ್ರೌಸರ್ ಎಂದರೆ ಮೇಲಿನ ಪಟ್ಟಿ, ಟ್ಯಾಬು, ಬಟನ್ನುಗಳಷ್ಟೇ ಅಲ್ಲ. ಅದರೊಳಗೆ ಒಂದು ಎಂಜಿನ್ ಇರುತ್ತದೆ. ವೆಬ್‌ಸೈಟಿನ ಸಂಕೇತಗಳನ್ನು ಓದಿ, ಅಕ್ಷರ, ಚಿತ್ರ, ಬಣ್ಣಗಳಾಗಿ ತೆರೆಯ ಮೇಲೆ ಬಿಡಿಸುವುದು ಅದೇ. ಜಗತ್ತಿನಲ್ಲಿ ಬಹುಜನರ ಬಳಕೆಯಲ್ಲಿ ಇಂದು ಉಳಿದಿರುವ ಎಂಜಿನ್ನುಗಳು ಮೂರೇ. ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಝಿಲ್ಲಾದ ಗೆಕೊ. ಅದರಲ್ಲೂ ಮೊದಲೆರಡು ಅಣ್ಣತಮ್ಮಂದಿರು. ಲಿನಕ್ಸ್ ಜಗತ್ತಿನ ಕೆಡಿಇ ಎಂಬ ಯೋಜನೆಯಲ್ಲಿ ಸ್ವಯಂಸೇವಕರು ಕಟ್ಟಿದ ಕೆಎಚ್‌ಟಿಎಂಎಲ್ ಎಂಬ ಎಂಜಿನ್ನನ್ನು ತೆಗೆದುಕೊಂಡು ಆಪಲ್ ವೆಬ್‌ಕಿಟ್ ಮಾಡಿತು, 2003ರಲ್ಲಿ ಸಫಾರಿ ಹೊರಬಂತು. 2008ರಲ್ಲಿ ಬಂದ ಕ್ರೋಮ್ ಅದೇ ವೆಬ್‌ಕಿಟ್ ಬಳಸಿತು. 2013ರಲ್ಲಿ ಗೂಗಲ್ ಅದರಿಂದ ಕವಲೊಡೆದು ಬ್ಲಿಂಕ್ ಎಂದು ಹೆಸರಿಟ್ಟುಕೊಂಡಿತು.

ಅದೇ 2013ರಲ್ಲಿ ನಾರ್ವೆಯ ಒಪೆರಾ ತನ್ನ ಸ್ವಂತ ಎಂಜಿನ್ ಕೈಬಿಟ್ಟು ಗೂಗಲ್‌ನದನ್ನು ಹಾಕಿಕೊಂಡಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ ಅದೇ ದಾರಿ ಹಿಡಿಯಿತು. ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಫೋನಿನ ಬ್ರೌಸರ್, 2025ರಲ್ಲಿ ಹೊಸದಾಗಿ ಬಂದ ಎಐ ಬ್ರೌಸರುಗಳಾದ ಕಾಮೆಟ್, ಅಟ್ಲಾಸ್ ಎಲ್ಲದರ ಬುಡವೂ ಕ್ರೋಮಿಯಂ, ಅಂದರೆ ಕ್ರೋಮ್‌ನದೇ ಮುಕ್ತ ತಳಹದಿ. ಒಂದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡಿದ ಹಾಗೆ. ರುಚಿ ಬೇರೆ ಎನ್ನಿ, ತಕರಾರಿಲ್ಲ. ಆದರೆ ಅಕ್ಕಿ ನೆನೆಹಾಕುವುದು, ರುಬ್ಬುವುದು ಗೂಗಲ್ ಮನೆಯಲ್ಲಿ.

ನಮ್ಮಲ್ಲಿ ‘ಸ್ವದೇಶಿ ಬ್ರೌಸರ್’ ಎಂಬ ಉತ್ಸಾಹ ಆಗಾಗ ಏಳುತ್ತದೆ. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ‘ಎಪಿಕ್’ ಎಂಬ ಬ್ರೌಸರ್ ತಂದಿತ್ತು. ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಲಭ್ಯ ಅದರಲ್ಲಿತ್ತು, ಒಳಗಿದ್ದದ್ದು ಮೊಝಿಲ್ಲಾದ ಎಂಜಿನ್. 2013ರಲ್ಲಿ ಅದು ಖಾಸಗಿತನ ಕಾಯುವ ಬ್ರೌಸರಾಗಿ ಹೊಸ ರೂಪ ತಾಳಿತು, ಆಗ ಒಳಗೆ ಬಂದದ್ದು ಕ್ರೋಮಿಯಂ. ಕೇಂದ್ರ ಸರಕಾರ 2023ರಲ್ಲಿ ಭಾರತೀಯ ಬ್ರೌಸರ್ ಕಟ್ಟುವ ಸ್ಪರ್ಧೆ ಏರ್ಪಡಿಸಿತು. 2025ರ ಮಾರ್ಚ್‌ನಲ್ಲಿ ಮೊದಲ ಬಹುಮಾನ 1 ಕೋಟಿ ರೂಪಾಯಿ ತಮಿಳುನಾಡಿನ ಝೋಹೊ ಕಂಪನಿಗೆ ಸಂದಿತು. ಅವರ ‘ಉಲಾ’ ಕೂಡ ಕ್ರೋಮಿಯಂ ಮೇಲೆ ನಿಂತಿದೆ. ಇದನ್ನು ಮೋಸ ಎನ್ನಲಾಗದು. ಎಂಜಿನ್ ಒಂದನ್ನು ಬುಡದಿಂದ ಕಟ್ಟಿ, ದಿನದಿನವೂ ರಿಪೇರಿ ಮಾಡಿಕೊಂಡು ನಡೆಸುವುದಕ್ಕೆ ಬೇಕಾಗುವ ಹಣ, ಜನ ಮೈಕ್ರೋಸಾಫ್ಟಿಗೇ ದುಬಾರಿ ಎನಿಸಿತು. ಆದರೆ ಕ್ರೋಮ್ ಬಿಟ್ಟು ಇನ್ನೊಂದು ಕ್ರೋಮಿಯಂಗೆ ಹೋಗುವವರು ತಾವು ಏನನ್ನು ಬದಲಿಸುತ್ತಿದ್ದೇವೆ, ಏನನ್ನು ಬದಲಿಸುತ್ತಿಲ್ಲ ಎಂದು ತಿಳಿದು ಹೋಗಲಿ. ಐಫೋನ್ ಇಟ್ಟುಕೊಂಡವರಿಗೆ ಆ ಚಿಂತೆಯೂ ಇಲ್ಲ. ಅದರಲ್ಲಿ ಕ್ರೋಮ್ ಹಾಕಿದರೂ ಫೈರ್‌ಫಾಕ್ಸ್ ಹಾಕಿದರೂ ನಮ್ಮ ದೇಶದಲ್ಲಿ ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್ಟೇ. ಯುರೋಪಿನಲ್ಲಿ ಹೊಸ ಕಾನೂನಿನ ಒತ್ತಡಕ್ಕೆ 2024ರಲ್ಲಿ ಆಪಲ್ ಬಾಗಿಲು ಸ್ವಲ್ಪ ತೆರೆದಿದೆ.

ಹೀಗಾಗಿ ಈ ಬರಹದಲ್ಲಿ ನಾನು ಬದಲಾವಣೆ ಎಂದಾಗ ಮುಖ್ಯವಾಗಿ ಕ್ರೋಮ್‌ನಿಂದ ಫೈರ್‌ಫಾಕ್ಸ್‌ಗೆ ಹೋಗುವುದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಎಂಜಿನ್ ಸಹಿತ ಬದಲಾಗುವುದು ಅಲ್ಲಿ.

ಈಚೆಗೆ ಹಾಗೆ ಹೊರಟವರಲ್ಲಿ ಅನೇಕರನ್ನು ಹೊರಡಿಸಿದ್ದು ಜಾಹೀರಾತು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ನುಗಳಲ್ಲಿ ಹೆಸರುವಾಸಿಯಾದ ಯುಬ್ಲಾಕ್ ಒರಿಜಿನ್ ಎಂಬುದಿದೆ. ವೆಬ್‌ಪುಟ ಹೊರಗಿನಿಂದ ತರಿಸಿಕೊಳ್ಳುವ ಪ್ರತಿ ತುಣುಕನ್ನೂ ಅದು ಬಾಗಿಲಲ್ಲೇ ತಡೆದು ನಿಲ್ಲಿಸಿ, ಒಳಗೆ ಬಿಡಬೇಕೇ ಬೇಡವೇ ಎಂದು ತಾನೇ ತೀರ್ಮಾನಿಸುತ್ತಿತ್ತು. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮಗಳ ಮೂರನೆಯ ಆವೃತ್ತಿಯಲ್ಲಿ ಈ ಅಧಿಕಾರ ಕಿತ್ತುಕೊಂಡಿತು. ತಡೆಯಬೇಕಾದವುಗಳ ಪಟ್ಟಿಯನ್ನು ಮೊದಲೇ ಕ್ರೋಮ್ ಕೈಗೆ ಕೊಡಬೇಕು, ತಡೆಯುವ ಕೆಲಸ ಕ್ರೋಮ್ ಮಾಡುತ್ತದೆ. ಪಟ್ಟಿಯ ಉದ್ದಕ್ಕೂ ಮಿತಿ. ಹಳೆಯ ಬಗೆಯ ಎಕ್ಸ್‌ಟೆನ್ಷನ್ನುಗಳು 2024-25ರಲ್ಲಿ ಒಂದೊಂದಾಗಿ ಬಂದಾದವು. ಯುಬ್ಲಾಕ್ ಒರಿಜಿನ್ ಬದಲಿಗೆ ಅದರ ‘ಲೈಟ್’ ಎಂಬ ಸಪೂರ ಆವೃತ್ತಿ ಸಿಗುತ್ತದೆ. ಫೈರ್‌ಫಾಕ್ಸ್ ಹಳೆಯ ದಾರಿಯನ್ನೂ ತೆರೆದಿಟ್ಟಿದೆ.

ಗೂಗಲ್ ಕೊಡುವ ಕಾರಣದಲ್ಲಿ ಸತ್ಯವಿಲ್ಲದೆ ಇಲ್ಲ. ನೀವು ನೋಡುವುದನ್ನೆಲ್ಲ ನೋಡಬಲ್ಲ ಎಕ್ಸ್‌ಟೆನ್ಷನ್ ಕೆಟ್ಟವರ ಕೈಗೆ ಸಿಕ್ಕರೆ ಪಾಸ್‌ವರ್ಡ್ ಕದಿಯುವ ಕನ್ನಗತ್ತಿಯಾಗುತ್ತದೆ. ಹಾಗೆ ಆದದ್ದೂ ಉಂಟು. ಆದರೆ ಆದಾಯದ ಬಹುಪಾಲನ್ನು ಜಾಹೀರಾತಿನಿಂದ ಪಡೆಯುವ ಕಂಪನಿ, ಜಾಹೀರಾತು ತಡೆಯುವ ಸಲಕರಣೆಯನ್ನು ಭದ್ರತೆಯ ಹೆಸರಿನಲ್ಲಿ ಮೊಂಡು ಮಾಡಿದಾಗ ಜನ ಹುಬ್ಬೇರಿಸುವುದು ಸಹಜ. ಕುಕಿಗಳ, ಅಂದರೆ ನಿಮ್ಮನ್ನು ಗುರುತಿಸಲು ತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಚೀಟಿಗಳ ವಿಷಯದಲ್ಲೂ ಹೀಗೇ ಆಯಿತು. ಒಂದು ತಾಣದಲ್ಲಿ ಚಪ್ಪಲಿ ನೋಡಿದರೆ ಇನ್ನೊಂದು ತಾಣದಲ್ಲಿ ಚಪ್ಪಲಿ ಜಾಹೀರಾತು ಬೆನ್ನತ್ತುತ್ತದಲ್ಲ, ಅದಕ್ಕೆ ಬಹುಮಟ್ಟಿಗೆ ಕಾರಣವಾಗುವ ಮೂರನೆಯವರ ಕುಕಿಗಳನ್ನು ಸಫಾರಿ 2020ರಲ್ಲಿ ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿತು. ಕ್ರೋಮ್ 2020ರ ಜನವರಿಯಲ್ಲಿ ‘ಎರಡು ವರ್ಷದೊಳಗೆ ತೆಗೆಯುತ್ತೇವೆ’ ಎಂದಿತು, ಗಡುವು ಮುಂದೂಡುತ್ತ ಹೋಯಿತು, 2024ರ ಜುಲೈನಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು.

ಇಷ್ಟು ಹೇಳಿದೆನೆಂದು ಫೈರ್‌ಫಾಕ್ಸ್ ಹಾಲಿನಲ್ಲಿ ಮಿಂದೆದ್ದಿದೆ ಎಂದು ಭಾವಿಸಬೇಡಿ. ಅದನ್ನು ನಡೆಸುವ ಮೊಝಿಲ್ಲಾ ಸಂಸ್ಥೆಯ ವರಮಾನದ ಸಿಂಹಪಾಲು ಬರುವುದು ಗೂಗಲ್‌ನಿಂದಲೇ, ಹುಡುಕಾಟದ ಪೆಟ್ಟಿಗೆಯಲ್ಲಿ ಗೂಗಲ್ ಇಟ್ಟದ್ದಕ್ಕೆ. 2025ರ ಫೆಬ್ರುವರಿಯಲ್ಲಿ ಅದು ಬಳಕೆಯ ನಿಯಮಗಳನ್ನು ಹೊಸದಾಗಿ ಬರೆದಾಗ, ‘ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ’ ಎಂಬ ಹಳೆಯ ಮಾತು ಕಾಣೆಯಾಗಿತ್ತು. ನಿಷ್ಠಾವಂತ ಬಳಕೆದಾರರೇ ಸಿಡಿದೆದ್ದರು, ನಿಯಮದ ಪದಗಳನ್ನು ತಿದ್ದಬೇಕಾಯಿತು. ಭದ್ರತೆಯ ವಿಷಯದಲ್ಲಿ ಕ್ರೋಮ್‌ಗೆ ಸಲ್ಲಬೇಕಾದ ಮನ್ನಣೆಯನ್ನೂ ಸಲ್ಲಿಸಬೇಕು. ಒಂದು ಟ್ಯಾಬ್ ಕೆಟ್ಟರೆ ಇಡೀ ಬ್ರೌಸರ್ ಕುಸಿಯದಂತೆ, ಒಂದರ ರೋಗ ಇನ್ನೊಂದಕ್ಕೆ ತಗಲದಂತೆ ಟ್ಯಾಬುಗಳನ್ನು ಬೇರೆ ಬೇರೆ ಗೋಡೆಯೊಳಗೆ ಇಡುವ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ಕ್ರೋಮ್. ಫೈರ್‌ಫಾಕ್ಸ್ ಆ ದಾರಿಗೆ ಬಂದದ್ದು ವರ್ಷಗಟ್ಟಲೆ ತಡವಾಗಿ.

ಇನ್ನು ಜನ ಬದಲಿಸದಿರುವುದಕ್ಕೆ ಬರೋಣ. ಇದನ್ನು ಬರೀ ಸೋಮಾರಿತನ ಎಂದು ತಳ್ಳಿಹಾಕುವವರಿಗೆ ಬ್ರೌಸರುಗಳ ಇತಿಹಾಸ ಗೊತ್ತಿಲ್ಲ. ಜನ ಕದಲುವುದಿಲ್ಲ ಎಂಬ ನಂಬಿಕೆಯ ಮೇಲೆ ಕಂಪನಿಗಳು ಸುರಿದಿರುವ ಹಣ ನೋಡಿ. ಆಪಲ್ ಸಾಧನಗಳಲ್ಲಿ ಹುಡುಕಾಟಕ್ಕೆ ಮೊದಲೇ ಗೂಗಲ್ ಕೂತಿರಲಿ ಎಂದು ಗೂಗಲ್ 2022ರ ಒಂದೇ ವರ್ಷ ಆಪಲ್‌ಗೆ ತೆತ್ತದ್ದು 2,000 ಕೋಟಿ ಡಾಲರ್. ಅಮೆರಿಕದ ನ್ಯಾಯಾಲಯದಲ್ಲಿ ನಡೆದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಹೊರಬಿದ್ದ ಅಂಕಿ ಇದು. ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಸಲ ಒತ್ತಿದರೆ ಯಾರು ಬೇಕಾದರೂ ಬದಲಿಸಬಹುದಾದ ಒಂದು ಆಯ್ಕೆಗೆ ಇಷ್ಟು ಬೆಲೆ! ಜನ ಒತ್ತುವುದಿಲ್ಲ ಎಂಬುದು ಕೊಡುವವರಿಗೂ ಪಡೆಯುವವರಿಗೂ ಚೆನ್ನಾಗಿ ಗೊತ್ತು.

ಈ ಪಾಠ ಕಲಿಸಿದ್ದು ಮೈಕ್ರೋಸಾಫ್ಟ್. ವಿಂಡೋಸ್ ಜೊತೆಗೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೊಟ್ಟು ನೆಟ್‌ಸ್ಕೇಪ್‌ನ ಉಸಿರು ಕಟ್ಟಿಸಿತು. 1998ರಲ್ಲಿ ಅಮೆರಿಕ ಸರಕಾರ ಮೊಕದ್ದಮೆ ಹೂಡಿತು, ಅಷ್ಟರಲ್ಲಿ ನೆಟ್‌ಸ್ಕೇಪ್ ಹಾಸಿಗೆ ಹಿಡಿದಾಗಿತ್ತು. ಎದುರಾಳಿ ಇಲ್ಲದ ಮೇಲೆ ಎಕ್ಸ್‌ಪ್ಲೋರರ್ 2001ರ ಆರನೆಯ ಆವೃತ್ತಿಯಿಂದ 2006ರ ಏಳನೆಯದರ ತನಕ ಮಲಗಿಯೇಬಿಟ್ಟಿತು. ಆ ನಿದ್ದೆಯ ನಡುವೆ, 2004ರ ನವೆಂಬರ್ 9ರಂದು, ನೆಟ್‌ಸ್ಕೇಪ್‌ನ ಬೂದಿಯಿಂದ ಎದ್ದ ಫೈರ್‌ಫಾಕ್ಸ್ ಬಂತು. ಬಳಕೆದಾರರು ತಾವೇ ಚಂದಾ ಎತ್ತಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಹಾಕಿಸಿದರು. ಮುಂದೆ ಯುರೋಪಿನ ಒಕ್ಕೂಟ 2010ರಲ್ಲಿ ವಿಂಡೋಸ್ ಬಳಸುವವರಿಗೆ ‘ನಿಮಗೆ ಯಾವ ಬ್ರೌಸರ್ ಬೇಕು?’ ಎಂದು ಕೇಳುವ ಪರದೆಯನ್ನು ಕಡ್ಡಾಯ ಮಾಡಿತು. 2011ರ ಮೇ ತಿಂಗಳಿಂದ 2012ರ ಜುಲೈವರೆಗೆ ಆ ಪರದೆ ಅನೇಕ ಕಂಪ್ಯೂಟರುಗಳಲ್ಲಿ ಬರಲೇ ಇಲ್ಲ. ತಾಂತ್ರಿಕ ದೋಷ ಎಂದಿತು ಮೈಕ್ರೋಸಾಫ್ಟ್. ದಂಡ 56.1 ಕೋಟಿ ಯೂರೋ.

ನಮ್ಮ ಸ್ಪರ್ಧಾ ಆಯೋಗವೂ ಸುಮ್ಮನೆ ಕೂತಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮ್ ಸೇರಿದಂತೆ ತನ್ನ ಆಪ್‌ಗಳ ಇಡೀ ಗೊಂಚಲನ್ನು ಹಾಕಲೇಬೇಕೆಂಬ ಗೂಗಲ್‌ನ ಷರತ್ತಿನ ಮೇಲೆ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಗೂಗಲ್ ಕೆಲವು ನಿಯಮ ಸಡಿಲಿಸಿತು. ಆದರೂ ಫೋನ್ ಕೊಳ್ಳಲು ಅಂಗಡಿಗೆ ಹೋದಾಗ ಮಾರುವವರು ಯಾವ ಕವರ್ ಬೇಕೆಂದು ಕೇಳುತ್ತಾರೆಯೇ ಹೊರತು ಯಾವ ಬ್ರೌಸರ್ ಬೇಕೆಂದು ಈಗಲೂ ಕೇಳುವುದಿಲ್ಲ.

ಭಾರತೀಯರು ಬ್ರೌಸರನ್ನು ಬದಲಿಸಿಯೇ ಇಲ್ಲ ಎಂದರೂ ತಪ್ಪಾಗುತ್ತದೆ. ಟುಜಿ ಕಾಲದಲ್ಲಿ, ಎಂಬಿ ಲೆಕ್ಕದಲ್ಲಿ ರೀಚಾರ್ಜ್ ಮಾಡಿಸುತ್ತಿದ್ದಾಗ, ಕಾಲೇಜು ಹುಡುಗರ ಕೀಪ್ಯಾಡ್ ಫೋನುಗಳಲ್ಲಿ ಒಪೆರಾ ಮಿನಿ ಇರುತ್ತಿತ್ತು. ಪುಟವನ್ನು ತನ್ನ ಸರ್ವರಿನಲ್ಲಿ ಹಿಂಡಿ, ಒಣಗಿಸಿ, ಪುಟ್ಟ ಪೊಟ್ಟಣವಾಗಿ ಫೋನಿಗೆ ಕಳಿಸುತ್ತಿದ್ದ ಜಾಣ ಬ್ರೌಸರ್ ಅದು. ಆಮೇಲೆ ಚೀನಾದ ಯುಸಿ ಬ್ರೌಸರ್ ಬಂತು. 2015-16ರ ಹೊತ್ತಿಗೆ ದೇಶದ ಮೊಬೈಲ್ ಬ್ರೌಸಿಂಗ್‌ನಲ್ಲಿ ಅರ್ಧದಷ್ಟು ಅದರದೇ ಪಾಲು. ಇವನ್ನೆಲ್ಲ ಜನ ಹುಡುಕಿ ಹಾಕಿಕೊಂಡದ್ದು ದುಡ್ಡಿನ ಕಾರಣಕ್ಕೆ, ಡೇಟಾ ಉಳಿಯುತ್ತದೆಂದು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಕಾರಣವೇ ಸಡಿಲವಾಯಿತು. 2020ರ ಜೂನ್ 29ರಂದು ಸರಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಯುಸಿ ಬ್ರೌಸರೂ ಒಂದು. ಟಿಕ್‌ಟಾಕ್‌ಗಾಗಿ ಅತ್ತವರು ಬಹಳ, ಯುಸಿಗಾಗಿ ಯಾರೂ ಅತ್ತಂತಿಲ್ಲ. ಒಳಗಿದ್ದ ಕ್ರೋಮನ್ನು ಒತ್ತಿ ಮುಂದೆ ನಡೆದರು. ಬಲವಾದ ಕಾರಣವಿದ್ದರೆ ಜನ ಕದಲುತ್ತಾರೆ, ಕಾರಣ ಮುಗಿದ ಮರುಗಳಿಗೆ ಹತ್ತಿರವಿದ್ದದ್ದಕ್ಕೆ ವಾಲುತ್ತಾರೆ.

ಕನ್ನಡಿಗರನ್ನು ಒಂದು ಕಾಲಕ್ಕೆ ಕಟ್ಟಿಹಾಕಿದ್ದು ಲಿಪಿ. 2000ದ ಆಸುಪಾಸಿನಲ್ಲಿ ಕನ್ನಡ ಸುದ್ದಿತಾಣಗಳನ್ನು ಓದುತ್ತಿದ್ದವರಿಗೆ, ಅದರಲ್ಲೂ ಹೊರದೇಶದಲ್ಲಿದ್ದು ಊರಿನ ಸುದ್ದಿಗಾಗಿ ಕಾಯುತ್ತಿದ್ದವರಿಗೆ, ಇದು ನೆನಪಿರುತ್ತದೆ. ಯುನಿಕೋಡ್ ಇನ್ನೂ ಹರಡಿರಲಿಲ್ಲ, ತಾಣಕ್ಕೊಂದು ಫಾಂಟು. ಓದುಗರ ಕಂಪ್ಯೂಟರಿಗೆ ಫಾಂಟನ್ನು ತಾನಾಗಿ ಇಳಿಸುವ ಮೈಕ್ರೋಸಾಫ್ಟಿನ ಡೈನಮಿಕ್ ಫಾಂಟ್ ತಂತ್ರ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅಂಥ ತಾಣವನ್ನು ಬೇರೆ ಬ್ರೌಸರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್ ಬಂದ ಮೇಲೂ ಮೊದಮೊದಲ ಫೈರ್‌ಫಾಕ್ಸ್‌ನಲ್ಲಿ ಎರಡೂ ಅಂಚು ಸಮ ಮಾಡಿದ ಪ್ಯಾರಾಗಳಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು. 2008ರ ಮೂರನೆಯ ಆವೃತ್ತಿಯಲ್ಲಿ ಅದು ಸರಿಹೋಯಿತು. ಇಂದು ಯಾವ ದೊಡ್ಡ ಬ್ರೌಸರಿನಲ್ಲೂ ಕನ್ನಡ ಓದಲು ತೊಂದರೆಯಿಲ್ಲ.

ಬರೆಯುವುದರಲ್ಲಿ ಮಾತ್ರ ಒಂದು ಕೊಕ್ಕೆ ಉಳಿದಿದೆ. ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿ ಕನ್ನಡ ಮೂಡಿಸಲು ಗೂಗಲ್ ಇನ್‌ಪುಟ್ ಟೂಲ್ಸ್ ಎಕ್ಸ್‌ಟೆನ್ಷನ್ ಹಾಕಿಕೊಂಡವರು ಬಹಳ ಮಂದಿ. ಅದು ಕ್ರೋಮ್‌ನ ಎಕ್ಸ್‌ಟೆನ್ಷನ್. ಫೈರ್‌ಫಾಕ್ಸ್‌ಗೆ ಬಂದ ದಿನವೇ ‘ಇದರಲ್ಲಿ ಕನ್ನಡ ಬರುವುದಿಲ್ಲ’ ಎಂದು ಹಿಂದಿರುಗುವವರು ಇವರೇ. ಕನ್ನಡ ಬರವಣಿಗೆಯನ್ನು ಬ್ರೌಸರಿಗೆ ಗಂಟು ಹಾಕುವ ಅಗತ್ಯವಿಲ್ಲ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದೀಚೆಗೆ ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ ವಿಂಡೋಸ್ ಒಳಗೇ ಇದೆ, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ಆಗ ಬ್ರೌಸರ್, ವರ್ಡ್, ನೋಟ್‌ಪ್ಯಾಡ್ ಎಲ್ಲ ಕಡೆಯೂ ಒಂದೇ ರೀತಿ. ಫೋನಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಕೀಬೋರ್ಡೇ ಬೇರೆ ಆಪ್.

ಬ್ರೌಸರ್ ಒಂದಕ್ಕೆ ಇಡೀ ದೇಶವೇ ಕಟ್ಟಿಬಿದ್ದ ಕತೆ ಬೇಕಾದರೆ ದಕ್ಷಿಣ ಕೊರಿಯಾ ನೋಡಬೇಕು. 1990ರ ದಶಕದಲ್ಲಿ ಬಲವಾದ ಗೂಢಲಿಪಿ ತಂತ್ರವನ್ನು ಹೊರದೇಶಗಳಿಗೆ ಕೊಡಲು ಅಮೆರಿಕ ನಿರ್ಬಂಧ ಹಾಕಿತ್ತು. ಬ್ರೌಸರುಗಳ ದುರ್ಬಲ ಬೀಗ ನಂಬಿ ಬ್ಯಾಂಕಿಂಗ್ ಮಾಡುವುದು ಹೇಗೆ? ಕೊರಿಯಾ ‘ಸೀಡ್’ ಎಂಬ ತನ್ನದೇ ಗೂಢಲಿಪಿ ಕಟ್ಟಿತು. ಸ್ವಾಭಿಮಾನದ, ಆ ಹೊತ್ತಿಗೆ ಬುದ್ಧಿವಂತಿಕೆಯ ಕೆಲಸ. ಆದರೆ ಅದನ್ನು ಬ್ರೌಸರಿಗೆ ಜೋಡಿಸಿದ್ದು ಮೈಕ್ರೋಸಾಫ್ಟಿನ ಆಕ್ಟಿವ್‌ಎಕ್ಸ್ ಎಂಬ ತಂತ್ರದ ಮೂಲಕ, ಆಕ್ಟಿವ್‌ಎಕ್ಸ್ ಓಡುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ. ಬ್ಯಾಂಕು, ಸರಕಾರಿ ಕಚೇರಿ, ಅಂಗಡಿ ಎಲ್ಲಕ್ಕೂ ಈ ತಂತ್ರದಿಂದಲೇ ನಡೆಯುವ, ಬಳಕೆದಾರರ ಗುರುತು ಸಾರುವ ಡಿಜಿಟಲ್ ಸರ್ಟಿಫಿಕೇಟ್ ಬೇಕಾಯಿತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅದರ ಹೊಸ ಭದ್ರತಾ ನಿಯಮಗಳಿಗೆ ಸಿಕ್ಕಿ ಕೊರಿಯಾದ ಬ್ಯಾಂಕ್ ತಾಣಗಳು ತತ್ತರಿಸಿದವು. 2014ರಲ್ಲಿ ‘ಮೈ ಲವ್ ಫ್ರಮ್ ದ ಸ್ಟಾರ್’ ಎಂಬ ಕೊರಿಯನ್ ಧಾರಾವಾಹಿ ಚೀನಾದಲ್ಲಿ ಹುಚ್ಚೆಬ್ಬಿಸಿತು. ನಾಯಕಿ ತೊಟ್ಟ ಕೋಟನ್ನು ಕೊಳ್ಳಲು ಬಂದ ಚೀನಾದ ಅಭಿಮಾನಿಗಳಿಗೆ ಕೊರಿಯಾದ ತಾಣಗಳಲ್ಲಿ ಹಣ ಕಟ್ಟಲಾಗಲಿಲ್ಲ, ಸರ್ಟಿಫಿಕೇಟ್ ಇಲ್ಲ! ಅಂದಿನ ಅಧ್ಯಕ್ಷೆ ಪಾರ್ಕ್ ಗುನ್ ಹೇ ಸಭೆಯೊಂದರಲ್ಲಿ ಈ ಕೋಟಿನ ಪ್ರಸ್ತಾಪವನ್ನೇ ಎತ್ತಿದರು. ಆ ಸರ್ಟಿಫಿಕೇಟಿನ ವಿಶೇಷ ಸ್ಥಾನ ಕಾನೂನಿನಿಂದ ಪೂರ್ತಿ ಹೋದದ್ದು 2020ರ ಡಿಸೆಂಬರ್‌ನಲ್ಲಿ.

ನಮ್ಮಲ್ಲೂ ಸರಕಾರಿ ತಾಣಗಳ ಅಡಿಯಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ’ ಎಂಬ ಸಾಲು ಬಹುಕಾಲ ರಾರಾಜಿಸಿತ್ತು. ಟೆಂಡರ್ ಹಾಕುವ ಗುತ್ತಿಗೆದಾರರು, ಲೆಕ್ಕಪರಿಶೋಧಕರು ಡಿಜಿಟಲ್ ಸಹಿಯ ಟೋಕನ್ ಚುಚ್ಚಿಕೊಂಡು ಹಳೆಯ ಬ್ರೌಸರಿನೊಂದಿಗೆ ಗುದ್ದಾಡಿದ್ದು ಅವರಿಗೇ ಗೊತ್ತು. ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿಯಾಯಿತು. ಅದನ್ನೇ ನಂಬಿದ ತಾಣಗಳಿಗಾಗಿ ಎಡ್ಜ್‌ನೊಳಗೆ ಅದರ ಆತ್ಮವನ್ನು ಕನಿಷ್ಠ 2029ರ ತನಕ ಉಳಿಸಿಕೊಳ್ಳುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಈಗ ಅದೇ ಸಾಲಿನ ಜಾಗಕ್ಕೆ ಕ್ರೋಮ್ ಬಂದಿದೆ. ಕ್ರೋಮ್‌ನಲ್ಲಿ ಮಾತ್ರ ಪರೀಕ್ಷಿಸಿ ಕೈತೊಳೆದುಕೊಂಡ ತಾಣಗಳು ಫೈರ್‌ಫಾಕ್ಸ್‌ನಲ್ಲಿ ಒಮ್ಮೊಮ್ಮೆ ಮುಗ್ಗರಿಸುತ್ತವೆ. ಆದ್ದರಿಂದ ಹಳೆಯ ಬ್ರೌಸರನ್ನು ಮೊದಲ ದಿನವೇ ಕಿತ್ತೆಸೆಯಬೇಡಿ. ಫಾರಂ ತುಂಬುವ ಕೊನೆಯ ದಿನ ರಾತ್ರಿ ಅದು ಬೇಕಾಗಬಹುದು.

ಈಗ ಕೆಲಸದ ಮಾತು. ಫೈರ್‌ಫಾಕ್ಸ್ ಹಾಕಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಇಂಪೋರ್ಟ್ ಒತ್ತಿದರೆ ಬುಕ್‌ಮಾರ್ಕು, ಹಳೆಯ ಓಡಾಟದ ದಾಖಲೆ ಬರುತ್ತವೆ. ಬಾರದೆ ಇರುವುದು ಕುಕಿಗಳು, ಅಂದರೆ ನೀವು ಲಾಗಿನ್ ಆಗಿರುವ ಸ್ಥಿತಿ. ಪ್ರತಿ ತಾಣಕ್ಕೂ ಹೊಸದಾಗಿ ಲಾಗಿನ್ ಆಗಬೇಕು, ವಾಟ್ಸಾಪ್ ವೆಬ್‌ಗೆ ಕ್ಯೂಆರ್ ಕೋಡ್ ಮತ್ತೆ ತೋರಿಸಬೇಕು. ಬ್ರೌಸರ್ ಬದಲಾವಣೆಯಲ್ಲಿ ನಿಜವಾಗಿ ನೋಯುವ ಜಾಗ ಇದು. ವರ್ಷಗಳಿಂದ ಲಾಗಿನ್ ಆಗಿಯೇ ಇರುವ ಖಾತೆಗಳಿಗೆ ಪಾಸ್‌ವರ್ಡ್ ಏನೆಂದು ಬಹಳ ಮಂದಿಗೆ ನೆನಪಿರುವುದಿಲ್ಲ. ‘ಮರೆತಿದೆ’ ಎಂದು ಒತ್ತಿದರೆ ಒಟಿಪಿ ಹೋಗುವುದು ಎಂದೋ ಬಿಟ್ಟ ಹಳೆಯ ನಂಬರಿಗೆ. ಆದ್ದರಿಂದ ಹಳೆಯ ಬ್ರೌಸರಿನಲ್ಲಿ ಇನ್ನೂ ಒಳಗಿರುವಾಗಲೇ ಇಮೇಲ್, ಬ್ಯಾಂಕ್, ತೆರಿಗೆಯ ಖಾತೆಗಳನ್ನು ಒಂದೊಂದಾಗಿ ತೆರೆದು, ಮೊಬೈಲ್ ನಂಬರ್, ಪರ್ಯಾಯ ಇಮೇಲ್ ಸರಿಯಿದೆಯೇ ನೋಡಿ. ಬ್ರೌಸರ್ ಬದಲಿಸುವ ಯೋಚನೆ ಇಲ್ಲದವರೂ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು. ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ನಿಮ್ಮನ್ನು ಕೇಳಿ ಕೆಡುವುದಿಲ್ಲ.

ಉಳಿಸಿಟ್ಟ ಪಾಸ್‌ವರ್ಡುಗಳು ಕೆಲವೊಮ್ಮೆ ನೇರವಾಗಿ ದಾಟುತ್ತವೆ, ಕೆಲವೊಮ್ಮೆ ಇಲ್ಲ. ಕುಕಿ, ಪಾಸ್‌ವರ್ಡ್ ಕದಿಯುವ ವೈರಸ್ಸುಗಳ ಹಾವಳಿ ಹೆಚ್ಚಿದ ಮೇಲೆ ಕ್ರೋಮ್ ವಿಂಡೋಸ್‌ನಲ್ಲಿ ತನ್ನ ಬೀಗ ಬಿಗಿ ಮಾಡಿದೆ. ಕಳ್ಳನಿಗೆ ಹಾಕಿದ ಬೀಗ ನೆಂಟನನ್ನೂ ತಡೆಯುತ್ತದೆ. ಆಗ ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರಿನಿಂದ ಸಿಎಸ್‌ವಿ ಫೈಲಾಗಿ ಇಳಿಸಿಕೊಂಡು ಫೈರ್‌ಫಾಕ್ಸ್‌ಗೆ ಏರಿಸಬೇಕು. ಈ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿದರೆ ಎದೆ ಝಲ್ಲೆನ್ನುತ್ತದೆ. ತಾಣದ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಮೂರೂ ಅಚ್ಚುಕಟ್ಟಾಗಿ ಸಾಲುಸಾಲು, ಯಾವ ಮುಚ್ಚುಮರೆಯೂ ಇಲ್ಲದೆ. ಏರಿಸಿದ ಕೂಡಲೇ ಫೈಲನ್ನು ಅಳಿಸಿ, ರೀಸೈಕಲ್ ಬಿನ್‌ನಿಂದಲೂ ಅಳಿಸಿ. ನಿಮ್ಮ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಜೊತೆ ಜೋಡಿಯಾಗಿದ್ದರೆ ಅಲ್ಲಿ ಇಳಿಸಲೇಬೇಡಿ. ನೀವು ಅಳಿಸುವಷ್ಟರೊಳಗೆ ಒಂದು ಪ್ರತಿ ಮೋಡ ಏರಿರುತ್ತದೆ.

ನನ್ನನ್ನು ಕೇಳಿದರೆ, ಈ ನೆಪದಲ್ಲಿ ಪಾಸ್‌ವರ್ಡುಗಳನ್ನು ಬ್ರೌಸರಿನಿಂದಲೇ ಹೊರಗೆ ತರುವುದು ಇನ್ನೂ ಒಳ್ಳೆಯದು. ಬಿಟ್‌ವಾರ್ಡನ್, ಕೀಪಾಸ್‌ನಂಥ ಬೇರೆ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಟ್ಟರೆ ಮುಂದೆ ಯಾವ ಬ್ರೌಸರಿಗೆ ಬೇಕಾದರೂ ಹೋಗಬಹುದು, ಬರಬಹುದು. ಕ್ರೋಮ್‌ನಿಂದ ಫೈರ್‌ಫಾಕ್ಸ್‌ಗೆ ಹೋಗುವುದಕ್ಕಿಂತ ಈ ಬಿಡುಗಡೆಯೇ ದೊಡ್ಡದು ಎಂಬುದು ನನ್ನ ಎಣಿಕೆ.

ಹೊಸದನ್ನು ಡೀಫಾಲ್ಟ್ ಬ್ರೌಸರ್ ಮಾಡಿಕೊಳ್ಳದಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಇಮೇಲಿನ ಕೊಂಡಿ ಒತ್ತಿದಾಗಲೆಲ್ಲ ಹಳೆಯದೇ ತೆರೆದುಕೊಳ್ಳುತ್ತದೆ, ವಾರದೊಳಗೆ ನೀವು ಮರಳಿ ಅಲ್ಲೇ ಇರುತ್ತೀರಿ. ವಿಂಡೋಸ್ 11 ಹೊಸದರಲ್ಲಿ ಇದನ್ನು ಬೇಕೆಂದೇ ತೊಡಕು ಮಾಡಿತ್ತು, ಒಂದೊಂದು ಬಗೆಯ ಫೈಲಿಗೂ ಬೇರೆ ಬೇರೆಯಾಗಿ ಹೇಳಬೇಕಿತ್ತು. ಟೀಕೆ ಜೋರಾದ ಮೇಲೆ 2022ರಲ್ಲಿ ಒಂದೇ ಬಟನ್ ಬಂತು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಪ್ಸ್, ಡೀಫಾಲ್ಟ್ ಆಪ್ಸ್ ಎಂದು ಇಳಿಯುತ್ತ ಹೋದರೆ ಸಿಗುತ್ತದೆ. ಕ್ರೋಮನ್ನು ಆಂಡ್ರಾಯ್ಡ್ ಫೋನಿನಿಂದ ತೆಗೆದುಹಾಕಲು ಸಾಮಾನ್ಯವಾಗಿ ಆಗುವುದಿಲ್ಲ, ಡಿಸೇಬಲ್ ಮಾಡಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮಾತ್ರ ನಿಮ್ಮ ಆಯ್ಕೆಗೆ ಕಿವಿಗೊಡದೆ ಕೊಂಡಿಗಳನ್ನು ತಮ್ಮ ಹೊಟ್ಟೆಯೊಳಗಿನ ಕಿಟಕಿಯಲ್ಲೇ ತೆರೆಯುತ್ತವೆ.

ಹೊಸದು ಒಗ್ಗಿದ ಮೇಲೆ ಹಳೆಯದರಲ್ಲಿ ಉಳಿದ ಪಾಸ್‌ವರ್ಡುಗಳನ್ನು ಅಳಿಸಬೇಕು, ಎರಡು ಕಡೆ ಇದ್ದರೆ ಕಳ್ಳನಿಗೆ ಎರಡು ಬಾಗಿಲು. ಆದರೆ ಇಲ್ಲೊಂದು ಗುಂಡಿ ಇದೆ. ಕ್ರೋಮ್‌ನಲ್ಲಿ ಸಿಂಕ್ ಚಾಲೂ ಇರುವಾಗ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಅಳಿಸಿದರೆ ಅದು ಗೂಗಲ್ ಖಾತೆಯಿಂದಲೂ, ಅದಕ್ಕೆ ಜೋಡಿಯಾದ ಫೋನಿನಿಂದಲೂ ಅಳಿಸಿಹೋಗುತ್ತದೆ. ಮನೆಮಂದಿ ಒಂದೇ ಖಾತೆ ಬಳಸುತ್ತಿದ್ದರೆ ಅವರದೂ ಹೋಯಿತು. ಮೊದಲು ಸಿಂಕ್ ನಿಲ್ಲಿಸಿ, ಫೋನಿನಲ್ಲಿ ಎಲ್ಲ ಇದೆಯೆಂದು ನೋಡಿಕೊಂಡು, ಆಮೇಲೆ ಈ ಕಂಪ್ಯೂಟರಿನದನ್ನು ಅಳಿಸಿ.

ಹಾಗೆಯೇ ಎಂದಾದರೂ ಸೈಬರ್ ಸೆಂಟರಿನಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಅರ್ಜಿ ಹಾಕಿಸುವಾಗ ನಿಮ್ಮ ಜಿಮೇಲ್‌ನಿಂದ ಕ್ರೋಮ್‌ಗೆ ಸೈನ್ ಇನ್ ಮಾಡಿಸಿದ್ದರೆ, ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಬದಲಿಸಿದ ಮಾತ್ರಕ್ಕೆ ಆ ಅಂಗಡಿಯ ಕಂಪ್ಯೂಟರಿನಿಂದ ನೀವು ಹೊರಬಂದಿರುವುದಿಲ್ಲ. ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ನಿಮ್ಮ ಸಾಧನಗಳ ಪಟ್ಟಿ ಇದೆ. ಅದರಲ್ಲಿ ಗುರುತು ಸಿಗದ ಕಂಪ್ಯೂಟರ್ ಕಂಡರೆ ಅಲ್ಲಿಂದಲೇ ಸೈನ್ ಔಟ್ ಮಾಡಿ, ಆ ಖಾತೆಯ ಪಾಸ್‌ವರ್ಡನ್ನೂ ಬದಲಿಸಿ.